ಬಾಣಂತಿಯ ಪ್ರಾಕ್ಟಿಕಲ್

ನಮ್ಮ ಭೌತಶಾಸ್ತ್ರದ ಲ್ಯಾಬಿನ ಬಾಗಿಲಲ್ಲಿ ಒಂದು ಬಿದಿರಿನ ಬುಟ್ಟಿ ಇದೆ. ಅದನ್ನು ಅಲ್ಲಿ ಇಟ್ಟವಳು ನಾನೇ. ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಪ್ರಯೋಗ ಇರುವ ದಿನ ಯಾವ ಹುಡುಗಿಯೂ ಆ ಬುಟ್ಟಿಯನ್ನು ದಾಟಿ ಸುಮ್ಮನೆ ಒಳಗೆ ಬರುವಂತಿಲ್ಲ. ಸ್ಕೂಟಿ ಕೀ, ಮೊಬೈಲು, ಹೇರ್‌ಪಿನ್ನು, ಸೇಫ್ಟಿ ಪಿನ್ನು, ಸ್ಟೀಲಿನ ವಾಚು, ದಿಕ್ಸೂಚಿಯ ಸೂಜಿಯನ್ನು ದಾರಿ ತಪ್ಪಿಸುವುದೆಲ್ಲ ಅದರೊಳಗೆ ಬೀಳಬೇಕು. ಕೀಲ್ಪಾಕಿನ ಈ ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿ ಇಪ್ಪತ್ತೆಂಟು ವರ್ಷವಾಯಿತು. ಹುಡುಗಿಯರು ನನ್ನ ಬೆನ್ನ ಹಿಂದೆ ನನಗಿಟ್ಟ ಹೆಸರು 'ಇರುಂಬು ಅಕ್ಕಾ'. ಇರುಂಬು ಎಂದರೆ ತಮಿಳಿನಲ್ಲಿ ಕಬ್ಬಿಣ. ಕರೆದುಕೊಳ್ಳಲಿ, ನನಗೇನು! ಸರ್ವಮಂಗಳಾ ಅನ್ನುವ ಹೆಸರನ್ನು ಅವರ ಬಾಯಲ್ಲಿ ಕೇಳುವುದಕ್ಕಿಂತ ಇದೇ ವಾಸಿ.

ಇಷ್ಟೆಲ್ಲ ಜೋರು ಮಾಡುವ ನಾನು ಒಂದೇ ಒಂದು ದಿನ ಒಬ್ಬಳನ್ನು ತಡೆಯದೆ ಒಳಗೆ ಬಿಟ್ಟೆ. ಅವಳ ಕಥೆ ಇದು.

ಹರಿಪ್ರಿಯಾ ಮೊದಲ ವರ್ಷದ ಬಿ.ಎಸ್ಸಿ.ಗೆ ಸೇರಿದಾಗ ಮೂಗಿನ ಮೇಲೆ ಜಾರುವ ಕನ್ನಡಕದ, ಕಡ್ಡಿಯಂಥ ಹುಡುಗಿ. ನಾಲ್ಕು ತಲೆಮಾರಿನಿಂದ ತಿರುವಲ್ಲಿಕೇಣಿಯಲ್ಲಿದ್ದ ಮಾಧ್ವರ ಮನೆಯವಳು. ತಾಯಿ ತೀರಿಕೊಂಡಿದ್ದರು. ಸಾಕಿದ್ದು ತಾಯಿಯ ತಾಯಿ ಅಂಬುಜಮ್ಮ. ನಾನು ಬಳ್ಳಾರಿ ಕಡೆಯವಳು. ನಮ್ಮೆಜಮಾನರು ಕೊಟ್ರಪ್ಪನವರದು ಸೌಕಾರ್‌ಪೇಟೆಯಲ್ಲಿ ಜವಳಿ ಅಂಗಡಿ. ಲ್ಯಾಬಿನಲ್ಲಿ ನನ್ನ ಬಾಯಿಂದ ಯಾವಾಗಲೋ "ಹಾಳಾಗಿ ಹೋಗ್ಲಿ ಇದು!" ಎಂಬ ಮಾತು ಹೊರಬಿದ್ದಾಗ, ಆ ಹುಡುಗಿ ಕನ್ನಡಕ ಮೇಲೇರಿಸಿ, "ಮೇಡಂ, ನೀವು ಕನ್ನಡಾನಾ? ಅಯ್ಯೋ, ಸೊಲ್ಲವೇ ಇಲ್ವಲ್ಲ, ಹೇಳೇ ಇಲ್ಲ!" ಎಂದು ಅರ್ಧ ತಮಿಳಿನಲ್ಲೇ ಕುಣಿದಳು. ಅಂದಿನಿಂದ ನನ್ನ ಬಾಲವಾದಳು.

ಬೇರೆ ಹುಡುಗಿಯರು ಪ್ರಯೋಗ ಬೇಗ ಮುಗಿಸಿ ಕ್ಯಾಂಟೀನಿಗೆ ಓಡುವವರು. ಬರಬೇಕಾದ ಉತ್ತರ ಎಲ್ಲರಿಗೂ ಗೊತ್ತು. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗನ್ನೇ ಹುಟ್ಟಿಸುತ್ತಾರೆ. ನನಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಸೂಜಿ ಏನು ಹೇಳ್ತೈತೋ ಅದನ್ನ ಬರೀರಿ, ನಿಮ್ಮ ತಲೀ ಹೇಳಿದ್ದಲ್ಲ!" ಎಂದು ದಿನಾ ಕಿರುಚಿ ಕಿರುಚಿ ನನ್ನ ಗಂಟಲು ಹೋಗಿದೆ. ಆ ಮಾತನ್ನು ಕಿವಿಗೆ ಹಾಕಿಕೊಂಡವಳು ಹರಿಪ್ರಿಯಾ ಒಬ್ಬಳೇ. ಅವಳ ಪುಸ್ತಕದಲ್ಲಿ ಹೊಡೆದು ಹಾಕಿದ ರೀಡಿಂಗ್ ಕೂಡ ಓದಲು ಬರುವ ಹಾಗೆ ಇರುತ್ತಿತ್ತು.

ಎರಡನೆಯ ವರ್ಷದಲ್ಲಿ ಬೆಳಕಿನಿಂದ ಎಲೆಕ್ಟ್ರಾನು ಹೊರಡಿಸುವ ಪ್ರಯೋಗ. ಕಪ್ಪು ಪರದೆ ಎಳೆದು, ಲೋಹದ ಮೇಲೆ ಕೆಂಪು ಬೆಳಕು ಬಿಟ್ಟೆವು. ಮೀಟರಿನ ಮುಳ್ಳು ಮಿಸುಕಲಿಲ್ಲ. ಬೆಳಕನ್ನು ಎಷ್ಟು ಜೋರು ಮಾಡಿದರೂ ಇಲ್ಲ. ನೀಲಿ ಬೆಳಕನ್ನು ಮಂದವಾಗಿ ಬಿಟ್ಟದ್ದೇ ತಡ, ಮುಳ್ಳು ಎದ್ದಿತು. ಅವಳು ಕತ್ತಲಲ್ಲೇ ಕಿಸಕ್ಕನೆ ನಕ್ಕಳು.

"ಏನವ್ವಾ, ಏನಾತು?"

"ಏನಿಲ್ಲ ಮೇಡಂ. ನಮ್ಮ ಮಾವನೋರೂ ಹೀಗೇನೇ. ಸಾವಿರ ಸಲ ಗೋಗರೆದ್ರೂ ಅಲ್ಲಾಡಲ್ಲ. ಸರಿಯಾದ ಒಂದೇ ಮಾತು ಬೇಕು. ಅದು ಎಂಥದ್ದು ಅಂತ ಗೊತ್ತಿಲ್ಲ, ಅಷ್ಟೇ."

ಆಗ ಅವಳ ಮದುವೆಯಾಗಿ ಮೂರು ತಿಂಗಳಾಗಿತ್ತು. ಒಳ್ಳೆಯ ಸಂಬಂಧ ಬಂತೆಂದು ಎರಡನೆಯ ವರ್ಷದಲ್ಲೇ ಮುಗಿಸಿಬಿಟ್ಟಿದ್ದರು. ಗಂಡ ಸತ್ಯಾತ್ಮ ಮಾತು ಕಮ್ಮಿ, ಸಾಧು ಪ್ರಾಣಿ. ವೇಲಚೇರಿಯ ಫ್ಲಾಟಿನಲ್ಲಿ ಮಾತೆಲ್ಲ ಮಾವ ವಿಷ್ಣುತೀರ್ಥರದು. ಅವರು ಮದುವೆಗೆ ಮೊದಲೇ ಹೇಳಿಬಿಟ್ಟಿದ್ದರಂತೆ: ಡಿಗ್ರಿ ಹೊತ್ತಿಗೆ ಸರಿಯಾಗಿ ಮುಗಿದರೆ ಮುಂದೆ ಓದಬಹುದು, ಒಂದೇ ಒಂದು ಅರಿಯರ್ ಬಿದ್ದರೂ ಪುಸ್ತಕ ಕಟ್ಟಿ ಅಟ್ಟಕ್ಕೆ. ಪಾಸಾಗದೆ ಉಳಿದುಹೋದ ಪರೀಕ್ಷೆಗೆ ಇಲ್ಲಿನ ಕಾಲೇಜುಗಳಲ್ಲಿ ಅರಿಯರ್ ಅನ್ನುತ್ತಾರೆ. ಹರಿಪ್ರಿಯಾ ಬಯಸಿದ್ದು ಒಂದನ್ನೇ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಎಷ್ಟು ಕೊಡಬೇಕೆಂದು ಲೆಕ್ಕ ಹಾಕುವ ಕೆಲಸವೊಂದಿದೆ. ಅದಕ್ಕೆ ಬೇಕಾದ ಎಂ.ಎಸ್ಸಿ. ಓದಬೇಕು. ಅವಳ ತಾಯಿ ಹೋದದ್ದು ಅದೇ ರೋಗದಿಂದ. ಕೊನೆಯ ವರ್ಷದಲ್ಲಿ ಅರ್ಜಿ ಹಾಕಿ ಸೀಟನ್ನೂ ಹಿಡಿದಳು. ಜೂನ್ ಹೊತ್ತಿಗೆ ಎಲ್ಲ ವಿಷಯ ಪಾಸಾಗಿರಬೇಕು, ಅದೊಂದೇ ಷರತ್ತು.

ಅದಕ್ಕೆ ಮೊದಲು, ಎರಡನೆಯ ವರ್ಷದಲ್ಲೇ, ಅವಳ ಮೊದಲ ಬಸಿರು ಐದನೆಯ ತಿಂಗಳಲ್ಲಿ ಇಳಿದುಹೋಯಿತು. ಮುಸ್ಸಂಜೆಯಲ್ಲಿ ವೇಲಚೇರಿ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿದದ್ದಕ್ಕೇ ಹೀಗಾಯಿತು, ಗಾಳಿ ಸೋಕದ ಹಾಗೆ ಮೈಮೇಲೆ ಚೂರು ಕಬ್ಬಿಣವಾದರೂ ಇರಬೇಕಿತ್ತು ಎಂದು ಮನೆಗೆ ಬಂದುಹೋದವರೆಲ್ಲ ಹೇಳಿದರಂತೆ. ಹತ್ತು ದಿನ ಬಿಟ್ಟು ಲ್ಯಾಬಿಗೆ ಬಂದಳು. ಒಂದು ಲೋಟ ಕಾಫಿ ತರಿಸಿ ಮುಂದಿಟ್ಟೆ. ಕುಡಿಯಲಿಲ್ಲ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಮೂರನೆಯ ವರ್ಷದಲ್ಲಿ ಮತ್ತೆ ಬಸುರಿ. ಡಿಸೆಂಬರಿನ ಮಳೆಗೆ ನೆಲಮಹಡಿಯಲ್ಲಿದ್ದ ಅವರ ಫ್ಲಾಟಿಗೆ ಮೊಳಕಾಲುದ್ದ ನೀರು ನುಗ್ಗಿ, ಅವಳ ಪ್ರಾಕ್ಟಿಕಲ್ ರೆಕಾರ್ಡು ನೆನೆದು ಮುದ್ದೆಯಾಯಿತು. ಆರೇಳು ತಿಂಗಳ ಹೊಟ್ಟೆ ಹೊತ್ತುಕೊಂಡು ಇಡೀ ರೆಕಾರ್ಡನ್ನು ಹೊಸದಾಗಿ ಬರೆದಳು. "ಅರ್ಧಾನಾದ್ರೂ ಯಾರಿಗಾದ್ರೂ ಬರೆಯೋಕೆ ಕೊಡಬಾರದೇನು?" ಎಂದು ಬೈದರೆ, "ಅಜ್ಜಿ ಗೆರೆ ಎಳೆದು ಕೊಟ್ರು ಮೇಡಂ, ಅಜ್ಜಿಗೆ ಗೆರೆ ಸೂಪರ್ ಆಗಿ ಬರತ್ತೆ" ಅಂದಳು. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟ ಅಂಬುಜಮ್ಮ, ಮೊಮ್ಮಗಳ ಡಿಗ್ರಿಗಾಗಿ ಬೀಗರ ಮನೆಯಲ್ಲೇ ಬಂದು ಕೂತು ಮಾರ್ಜಿನ್ ಎಳೆಯುತ್ತಿದ್ದರು.

ಮಾರ್ಚಿನ ಮೊದಲ ವಾರ ಹೆಣ್ಣುಮಗುವಾಯಿತು. ಪ್ರಾಕ್ಟಿಕಲ್ ಪರೀಕ್ಷೆ ಬಂದದ್ದು ಹೆರಿಗೆಯ ಇಪ್ಪತ್ತಮೂರನೆಯ ದಿನ. ಆ ಪತ್ರಿಕೆಗೆ ವರ್ಷಕ್ಕೆ ಒಂದೇ ಸಲ ಪ್ರಾಕ್ಟಿಕಲ್. ನಲವತ್ತು ದಿನ ಹೊಸ್ತಿಲು ದಾಟಬಾರದ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿಯಿಟ್ಟುಕೊಂಡು ಆಟೋದಿಂದ ಇಳಿದಳು. ಹಿಂದೆಯೇ ಮಗುವನ್ನು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಅಂಬುಜಮ್ಮ ಇಳಿದರು.

ನಾನು ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ. ಹರಿಪ್ರಿಯಾ ಕಾರಿಡಾರಿನ ಬೆಂಚಿನಲ್ಲಿ ಕೂತು ಮಗುವಿಗೆ ಹಾಲೂಡಿಸಿ, ಅಜ್ಜಿಯ ಕೈಗೆ ಕೊಟ್ಟು ಎದ್ದಳು. ಮುಖ ಬಿಳಿಚಿಕೊಂಡಿತ್ತು. ಸೀರೆಯ ಕೆಳಗೆ ಹೊಟ್ಟೆಗೆ ಬಿಗಿದ ಬಾಣಂತಿಯ ಕಟ್ಟು ಎದ್ದು ಕಾಣುತ್ತಿತ್ತು. ಬುಟ್ಟಿಗೆ ಮೊಬೈಲು ಹಾಕಿದಳು, ಪಿನ್ನು ಹಾಕಿದಳು. ಬೇರೆ ಯಾರಾದರೂ ಆಗಿದ್ದರೆ ಸೊಂಟ ತಟ್ಟಿ ನೋಡುತ್ತಿದ್ದೆ. ಇವಳನ್ನು ತಟ್ಟುವುದೆಂದರೆ! ಹಸಿ ಮೈ, ಪಾಪ. "ಹೋಗವ್ವಾ, ಸೀದಾ ಹೋಗಿ ಕುಂದ್ರು, ನಿಂತ್ಕೋಬ್ಯಾಡ" ಎಂದು ಬಿಟ್ಟೆ.

ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಟ್ಯಾಂಜೆಂಟ್ ಗ್ಯಾಲ್ವನೋಮೀಟರ್. ನನಗೆ ಖುಷಿಯೋ ಖುಷಿ. ಎಲ್ಲಕ್ಕಿಂತ ಸುಲಭದ್ದು. ದುಂಡಗಿನ ತಂತಿಯ ಸುರುಳಿ, ಅದರ ನಡುವೆ ದಿಕ್ಸೂಚಿ. ಸುರುಳಿಯಲ್ಲಿ ಕರೆಂಟು ಹರಿಸಿದರೆ ಸೂಜಿ ಒಂದು ಕಡೆಗೆ ವಾಲುತ್ತದೆ. ಕರೆಂಟನ್ನು ತಿರುಗಿಸಿದರೆ ಅಷ್ಟೇ ಇನ್ನೊಂದು ಕಡೆಗೆ ವಾಲಬೇಕು. ಈ ಕಡೆ ನಲವತ್ತೈದು ಬಂದರೆ ಆ ಕಡೆಯೂ ನಲವತ್ತೈದರ ಹತ್ತಿರ. ಅದರಿಂದ ಭೂಮಿಯ ಕಾಂತಬಲ ಎಷ್ಟೆಂದು ಲೆಕ್ಕ ಹಾಕುವುದು. ಹರಿಪ್ರಿಯಾ ಇದನ್ನು ಕಣ್ಣು ಮುಚ್ಚಿ ಮಾಡುವವಳು.

ಮೊದಲ ಅರ್ಧ ಗಂಟೆ ನಾನು ಆ ಕಡೆ ಹೋಗಲಿಲ್ಲ. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಲ್ಯಾಬಿನವರು ಹುಡುಗಿಯರ ಹತ್ತಿರ ಸುಳಿಯಬಾರದೆಂದು ಮೊದಲೇ ಎಚ್ಚರಿಸಿದ್ದರು. ತಂತಿ ಕೊಡುವ ನೆಪದಲ್ಲಿ ಹಾದುಹೋದಾಗ ಅವಳ ಹಾಳೆ ಕಣ್ಣಿಗೆ ಬಿತ್ತು. ಒಂದು ಕಡೆ ನಲವತ್ತೇಳು, ಇನ್ನೊಂದು ಕಡೆ ಇಪ್ಪತ್ತೊಂಬತ್ತು. ಮತ್ತೆ ಮಾಡಿದ್ದಳು: ಐವತ್ತೊಂದು, ಮೂವತ್ತಾರು. ಬಗ್ಗಿ ನೋಡಿದ ಹಾಗೆಲ್ಲ ಒಂದೊಂದು.

ಇದು ಕಬ್ಬಿಣದ ಕೆಲಸವೇ ಎಂದು ನನಗೆ ಅನ್ನಿಸಿತು. ಬಾಯಿ ಬಿಡುವ ಹಾಗಿಲ್ಲ. ಅವಳ ಎದುರಿಗೆ ನಿಂತು ನನ್ನ ಕಿವಿ, ಕೂದಲು, ಕೊರಳು ಮುಟ್ಟಿ ತೋರಿಸಿ, ಏನಾದರೂ ಇದೆಯಾ ಎಂದು ಕಣ್ಣಲ್ಲೇ ಕೇಳಿದೆ. ಹರಿಪ್ರಿಯಾ ನನ್ನನ್ನು ಒಂದು ಕ್ಷಣ ನೋಡಿ ಇಲ್ಲವೆಂದು ತಲೆಯಲ್ಲಾಡಿಸಿದಳು. ಅಷ್ಟರಲ್ಲಿ ಹೊರಗೆ ಮಗು ಮತ್ತೆ ಅಳತೊಡಗಿತು. ಅಂಬುಜಮ್ಮ 'ರಂಗಾ, ರಂಗಾ' ಎಂದು ತಟ್ಟುತ್ತಾ ಕಾರಿಡಾರಿನ ಉದ್ದಕ್ಕೂ ಓಡಾಡುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಇವಳ ರವಿಕೆ ಒದ್ದೆಯಾಯಿತು. ಸೆರಗು ಮುಂದೆ ಎಳೆದುಕೊಂಡು ಮತ್ತೆ ಸೂಜಿಯ ಮೇಲೆ ಬಗ್ಗಿದಳು.

ಮೂರು ಗಂಟೆಯಲ್ಲಿ ಅದೇ ರೀಡಿಂಗನ್ನು ಆರು ಸಲ ತೆಗೆದಳು. ಗ್ರಾಫ್ ಹಾಕಲಿಲ್ಲ, ಉತ್ತರ ಬರೆಯಲಿಲ್ಲ. ಪರೀಕ್ಷಕರು ಹಾಳೆ ಎತ್ತಿ, "ಎನ್ನಮ್ಮಾ ಇದು? ಭೂಮಿ ಒಂದು ಕಡೆಗೊಂದು ಥರ ಎಳೆಯುತ್ತಾ?" ಎಂದು ತಮಿಳಿನಲ್ಲಿ ಹಂಗಿಸಿದರು. ಬಾಯಿಪ್ರಶ್ನೆಗೆ ಇವಳ ಬಾಯೇ ಏಳಲಿಲ್ಲ. ಪಕ್ಕದ ಮೇಜಿನವಳು ಸೂಜಿಯ ಕಡೆ ತಿರುಗಿಯೂ ನೋಡದೆ ನಲವತ್ತೈದು, ನಲವತ್ತನಾಲ್ಕೂವರೆ ಎಂದು ಚೆಂದವಾಗಿ ಬರೆದು ಹೋದಳು.

ಜೂನ್‌ನಲ್ಲಿ ಫಲಿತಾಂಶ ಬಂತು. ಬರೆಯುವ ಪತ್ರಿಕೆಗಳಲ್ಲೆಲ್ಲ ಹರಿಪ್ರಿಯಾ ಡಿಪಾರ್ಟ್‌ಮೆಂಟಿಗೇ ಮೊದಲು. ವಿದ್ಯುತ್ಕಾಂತದಲ್ಲಿ ತೊಂಬತ್ತೊಂದು, ಆಧುನಿಕ ಭೌತಶಾಸ್ತ್ರದಲ್ಲಿ ತೊಂಬತ್ತಾರು. ಪ್ರಾಕ್ಟಿಕಲ್‌ನಲ್ಲಿ ಫೇಲು, ಪಾಸಿಗೆ ಆರು ಅಂಕ ಕಮ್ಮಿ. ಎಂ.ಎಸ್ಸಿ. ಸೀಟು ಹೋಯಿತು. ನಾನು ಫೋನು ಮಾಡಿದೆ, ಎತ್ತಲಿಲ್ಲ. ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಜಗಳವಾಡಿದೆ. "ರೀಡಿಂಗೇ ಸರಿ ಇಲ್ಲದ ಮೇಲೆ ನಾನೇನು ಮಾಡಲಿ ಸರ್ವಮಂಗಳಾ?" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು! ಉಪಕರಣವನ್ನೇ ಅನುಮಾನಿಸಿ ಒಂದು ವಾರ ಬಿಚ್ಚಿ ಜೋಡಿಸಿದೆ. ಅದರಲ್ಲಿ ಒಂದು ಕೂದಲಿನಷ್ಟೂ ದೋಷ ಇರಲಿಲ್ಲ.

ಜುಲೈನಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೂ ಬಂದರು, ಅಂಕಪಟ್ಟಿ ತೆಗೆದುಕೊಂಡು ಲ್ಯಾಬಿನ ಕೈಪಿಡಿ ಹಿಂತಿರುಗಿಸಲು. ಮಗು ದುಂಡಗೆ, ಕೆಂಪಗೆ, ನೋಡಿದರೆ ಕಚ್ಚಿಬಿಡಬೇಕು ಅನ್ನಿಸುವಂತಿತ್ತು. ಹರಿಪ್ರಿಯಾ ಇನ್ನಷ್ಟು ಸಣ್ಣಗಾಗಿದ್ದಳು. "ಮುಂದಿನ ಮಾರ್ಚಿಗೆ ಬಂದು ಬರಿಯವ್ವಾ, ನಾ ಇರ್ತೀನಿ" ಅಂದೆ.

"ಮಾವನೋರು ಪುಸ್ತಕ ಎಲ್ಲಾ ಕಟ್ಟಿ ಮೇಲಿಟ್ರು ಮೇಡಂ" ಅಂದಳು. "ಕೋಪ ಏನೂ ಮಾಡ್ಕೊಳ್ಲಿಲ್ಲ. ಸೊನ್ನ ಮಾತು ಸೊನ್ನ ಮಾತು ಅಂದ್ರು, ಅಷ್ಟೇ." ಕೊಟ್ಟ ಮಾತು ಕೊಟ್ಟದ್ದೇ, ಇನ್ನು ಬದಲಿಲ್ಲ ಎಂದು ಆ ಮನುಷ್ಯನ ಅರ್ಥ.

ಮಗುವನ್ನು ಎತ್ತಿಕೊಂಡಿದ್ದ ಅಂಬುಜಮ್ಮ ಕಾಲುನೋವೆಂದು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಪಕ್ಕದ ಮೇಜಿನಲ್ಲಿ ಅದೇ ಗ್ಯಾಲ್ವನೋಮೀಟರ್ ಇತ್ತು. ಅವರು ಕೂತದ್ದೇ ಸೂಜಿ ನಡುಗಿ, ನಿಧಾನವಾಗಿ ಅವರ ಕಡೆಗೆ ತಿರುಗಿ ನಿಂತಿತು.

ನಾನು ಸೂಜಿಯನ್ನು ನೋಡಿದೆ, ಅಂಬುಜಮ್ಮನನ್ನು ನೋಡಿದೆ. "ಅಮ್ಮಾ, ನಿಮ್ಮ ಸೊಂಟದಾಗ ಏನೈತ್ರೀ?"

ಅವರ ಮುಖ ಅರಳಿತು. ಸೆರಗಿನ ಒಳಗೆ ಕೈಹಾಕಿ, ಕರೀ ದಾರಕ್ಕೆ ಕಟ್ಟಿದ ಗೇಣುದ್ದದ ಕಬ್ಬಿಣದ ಬೀಗದಕೈ ಹೊರಗೆ ತೆಗೆದರು. "ನಮ್ಮ ತಿರುವಲ್ಲಿಕೇಣಿ ಆತ್ತಿಂದು ಅಮ್ಮಾ, ಹಳೇ ಮನೆ ತಲೆಬಾಗಿಲಿಂದು. ಮನೆ ಮಾರಿದ್ರೂ ಇದನ್ನ ಕೊಡ್ಲಿಲ್ಲ ನಾನು. ಎಲ್ಲಾದ್ರೂ ಕಳೆದು ಹೋಗ್ಬಾರ್ದು ಅಂತ ಕೆಟ್ಟು ಹೋದ ರೇಡಿಯೋ ಬಿಚ್ಚಿ ಒಳಗೆ ಅಂಟಿಸಿಟ್ಟಿದ್ದೆ, ಆ ಸ್ಪೀಕರ್ ಹಿಂದೆ ಗಟ್ಟಿಯಾಗಿ ಒಟ್ಟಿಕೊಳ್ಳತ್ತೆ ನೋಡಿ. ಎಷ್ಟು ವರ್ಷ ಇತ್ತೋ ಅಲ್ಲೇ! ಮಗು ಹುಟ್ಟಿದ ಮೇಲೆ ತೆಗೆದು ಇವಳ ಕಟ್ಟಿನೊಳಗೆ ಕಟ್ಟಿದೆ. ನಲವತ್ತು ದಿನ ಬಿಚ್ಚಬಾರ್ದು, ಬಿಚ್ಚಿದ್ರೆ ಮಗೂಗೆ ಆಗಲ್ಲ ಅಂತ ಇವಳ ಕೈಲಿ ಮಗು ತಲೆ ಮುಟ್ಟಿಸಿ ಆಣೆ ಹಾಕಿಸ್ದೆ. ಪರೀಕ್ಷೆ ದಿನಾನೂ ಇದೇ ಇತ್ತು ಮೈಮೇಲೆ. ಈಗ ಮಗೂನ ಹೊರಗೆ ತರೋವಾಗ ನಾನು ಕಟ್ಕೋತೀನಿ."

ಸ್ಪೀಕರಿನ ಆಯಸ್ಕಾಂತಕ್ಕೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಬೀಗದಕೈ. ಅದು ಬರೀ ಕಬ್ಬಿಣವಾಗಿ ಉಳಿದಿರಲಿಲ್ಲ, ತಾನೇ ಆಯಸ್ಕಾಂತವಾಗಿತ್ತು. ಆ ಪರೀಕ್ಷಕರಿಗೆ ಈ ಪದ್ಧತಿ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತಿತ್ತಲ್ಲ! ನನ್ನ ಮಗ ಹುಟ್ಟಿದಾಗ ನಮ್ಮತ್ತೆ ಅಡಕೊತ್ತನ್ನು ದಿಂಬಿನ ಕೆಳಗಿಟ್ಟು, ಬಚ್ಚಲಿಗೆ ಹೋದರೂ ಕೈಗೆ ಕೊಟ್ಟು ಕಳಿಸುತ್ತಿದ್ದರು. ನಲವತ್ತು ದಿನ ನಾನೇ ಹೊತ್ತಿದ್ದೇನೆ. ಹಸಿ ಬಾಣಂತಿ ಮನೆ ಬಿಟ್ಟು ಬಂದಿದ್ದಾಳೆಂದರೆ ಮೈಮೇಲೆ ಕಬ್ಬಿಣ ಇದ್ದೇ ಇರುತ್ತದೆಂದು ಆ ಬಾಗಿಲಲ್ಲಿ ನಿಂತಿದ್ದವರಲ್ಲಿ ನಾನೊಬ್ಬಳಾದರೂ ತಿಳಿಯಬೇಕಿತ್ತು. ಥೂ, ಇರುಂಬು ಅಕ್ಕನಂತೆ! ಯಾವ ಸೌಭಾಗ್ಯಕ್ಕೆ?

ಅಷ್ಟರಲ್ಲಿ ಮಗು ಒದ್ದೆ ಮಾಡಿಕೊಂಡಿತು. ಅಂಬುಜಮ್ಮ ಬೀಗದಕೈಯನ್ನು ಮೇಜಿನ ಮೇಲೆ ಬಿಟ್ಟು, "ಬಂದೆ ಇರೀಮ್ಮಾ" ಎಂದು ಮಗುವನ್ನೆತ್ತಿಕೊಂಡು ಹೊರಗಿನ ನಲ್ಲಿಯ ಕಡೆಗೆ ಹೋದರು. ನಾನು ಹರಿಪ್ರಿಯಾಳ ಕೈ ಹಿಡಿದುಕೊಂಡೆ.

"ನಿನ್ನ ತಪ್ಪಲ್ಲವ್ವಾ. ನಿನಗ ಬರಲಿಲ್ಲ ಅಂತಲ್ಲ. ಇದು, ಈ ದರಿದ್ರದ್ದು..." ನನಗೆ ಅಳು ಬಂತು. "ನಾ ನೋಡಬೇಕಿತ್ತು. ನಾ ನಿನ್ನ ತಟ್ಟಿ ನೋಡಲಿಲ್ಲ."

"ಗೊತ್ತಿತ್ತು ಮೇಡಂ" ಅಂದಳು ಹರಿಪ್ರಿಯಾ.

"ಏನು ಗೊತ್ತಿತ್ತು?"

"ಮೂರನೇ ರೀಡಿಂಗ್‌ಗೇ ಗೊತ್ತಾಯ್ತು. ನಾನು ಬಗ್ಗಿದ್ರೆ ಸೂಜಿ ಬರ್ತಿತ್ತು, ನಿಂತ್ರೆ ಹೋಗ್ತಿತ್ತು. ಇದೂಂತ ಆಗ್ಲೇ ನೆನಪಾಯ್ತು. ನೀವು ಬಂದು ಕೇಳೋಕೆ ಮುಂಚೇನೇ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮತ್ತ ತಲಿ ಯಾಕ ಅಲ್ಲಾಡಿಸ್ದಿ? ಬಿಚ್ಚಿ ಬುಟ್ಟಿಗೆ ಒಗೀಬೇಕಿತ್ತು! ಇಷ್ಟು ಓದಿ, ತೊಂಬತ್ತಾರು ತಗೊಂಡು, ಒಂದು ಬೀಗದಕೈಗೆ ಹೆದರಿದ್ಯೇನು? ಹೋಗ್ಲಿ, ಎಲ್ಲಾರ ಹಂಗ ನಲವತ್ತೈದು ಅಂತ ಸುಳ್ಳಾದ್ರೂ ಬರೀಬೇಕಿತ್ತು!"

"ಸೂಜಿ ಹೇಳಿದ್ದು ಬರಿ ಅಂತ ನೀವೇ ತಾನೇ ಹೇಳಿದ್ದು" ಅಂದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಗಂಟಿಗೆ ಕೈ ಹಾಕ್ದೆ ಮೇಡಂ. ಆಣೆ ಗೀಣೆ ಎಲ್ಲ ನಾನು ನಂಬಲ್ಲ. ಅದು ಬರೀ ಒಂದು ಕೀ ಅಂತ ನನಗೆ ಚೆನ್ನಾಗಿ ಗೊತ್ತು. ಅರ್ಧ ಬಿಚ್ಚಿದ್ದೆ ಕೂಡ. ಕರೆಕ್ಟಾಗಿ ಆವಾಗ ಆಚೆ ಮಗು ಅತ್ತಿತು. ಮೊದಲ್ನೇದು ನೆನಪಾಯ್ತು. ನನ್ನ ಕೈ ಅಲ್ಲೇ ನಿಂತುಬಿಡ್ತು, ಆಮೇಲೆ ಏಳಲೇ ಇಲ್ಲ. ವಾಪಸ್ ಗಂಟು ಹಾಕ್ದೆ."

ಹೊರಗೆ ನಲ್ಲಿ ನಿಂತಿತು. ಹರಿಪ್ರಿಯಾ ಗಡಬಡಿಸಿ ನನ್ನ ತೋಳು ಹಿಡಿದಳು.

"ಅಜ್ಜಿಗೆ ಹೇಳ್ಬೇಡಿ ಮೇಡಂ. ಪ್ಲೀಸ್. ಅವರು ಉಳಿಯಲ್ಲ."

ಅಂಬುಜಮ್ಮ ಬಂದರು. ಒಣ ಬಟ್ಟೆಯಲ್ಲಿ ಮಗು ಕೈಕಾಲು ಆಡಿಸುತ್ತಿತ್ತು. ಬೀಗದಕೈ ಎತ್ತಿ ಕಣ್ಣಿಗೊತ್ತಿಕೊಂಡು ಮತ್ತೆ ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ನನ್ನ ಹತ್ತಿರ ಬಂದು, ಮೊಮ್ಮಗಳಿಗೆ ಕೇಳಿಸದಿರಲಿ ಎಂದು ದನಿ ತಗ್ಗಿಸಿ ಹೇಳಿದರು:

"ಇದೇನೋ ಮಗೂನ ಕಾಯ್ತು, ಅಮ್ಮಾ. ಇವಳ ಓದಿಗೂ ಕಣ್ಣು ಬಿದ್ದಿರತ್ತೆ ಅಂತ ನನಗೆ ಹೊಳೀಲೇ ಇಲ್ಲ. ಅವತ್ತು ಇನ್ನೊಂದು ಕೀ ಕಟ್ಟಿ ಕಳಿಸಬೇಕಾಗಿತ್ತು. ನನ್ನಿಂದಾನೇ ತಪ್ಪಾಯ್ತು."

ದನಿ ತಗ್ಗಿಸಿದರೂ ಹರಿಪ್ರಿಯಾಳಿಗೆ ಕೇಳಿಸಿತ್ತು. ಬಂದು ಅಜ್ಜಿಯ ಕೈಯಿಂದ ಮಗುವನ್ನು ತೆಗೆದುಕೊಂಡಳು. "ಹೋಗ್ಲಿ ಬಿಡಿ ಅಜ್ಜಿ, ನಿಮಗೇನು ಗೊತ್ತು" ಅಂದಳು.